ಹನ್ನೆರಡು ಅಂಕ ಮೇಲಿದ್ದ ಮಾತ್ರಕ್ಕೆ ಆ ಎಂಜಿನ್ ಬಲವಾದದ್ದೇ?

ಪ್ರಶ್ನೆ: ನಾನು ಉಡುಪಿಯಲ್ಲಿ ಮನೆಯಲ್ಲೇ ಹದಿನೈದು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಮಕ್ಕಳು ಟೂರ್ನಮೆಂಟಿನಲ್ಲಿ ಆಡಿದ ಆಟಗಳನ್ನು ಆಮೇಲೆ ಕಂಪ್ಯೂಟರಿಗೆ ಹಾಕಿ ತಪ್ಪು ಹುಡುಕುವುದು ನಮ್ಮ ಪದ್ಧತಿ. ಇಷ್ಟು ದಿನ ಪುಕ್ಕಟೆ ಸಿಗುವ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ನಿನ, ಅಂದರೆ ಚೆಸ್ ಆಡುವ ಪ್ರೋಗ್ರಾಮಿನ, ಹಳೆಯ ಆವೃತ್ತಿಯಲ್ಲೇ ಸುಧಾರಿಸಿಕೊಂಡೆ. ಈಗ ಹಣ ಕೊಟ್ಟು ಒಂದು ಚೆಸ್ ಎಂಜಿನ್ ತೆಗೆದುಕೊಳ್ಳುವ ಎಂದು ಎರಡನ್ನು ಆರಿಸಿಟ್ಟುಕೊಂಡಿದ್ದೇನೆ. ಒಂದು ರೇಟಿಂಗ್ ಪಟ್ಟಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ 12 ಅಂಕ ಮೇಲುಂಟು. ಇನ್ನೊಂದು ಪಟ್ಟಿಯಲ್ಲಿ ಅದೇ ಎಂಜಿನ್ 9 ಅಂಕ ಕೆಳಗುಂಟು. ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ಎರಡೂ ಇದ್ದವು, 20 ಆಟ ಆಡಿಸಿ ನೋಡಿದೆ. ಎರಡನೆಯದು 7 ಗೆದ್ದು, 4 ಸೋತು, 9 ಡ್ರಾ ಮಾಡಿಕೊಂಡಿತು. ಪಟ್ಟಿ ಮಾಡುವವರನ್ನು ನಂಬಲೇ, ನನ್ನ ಕಣ್ಣನ್ನು ನಂಬಲೇ?

ಉತ್ತರ: ಪಟ್ಟಿಯ ಮಾತು ಆಮೇಲೆ. ಮೊದಲು ನಿಮ್ಮ ಇಪ್ಪತ್ತು ಆಟಗಳ ಲೆಕ್ಕ ನೋಡುವ.

ಒಂಬತ್ತು ಡ್ರಾಗಳನ್ನು ಬದಿಗಿಡಿ. ಉಳಿದದ್ದು ಹನ್ನೊಂದು ಆಟ, ಅದರಲ್ಲಿ 7–4. ಎರಡು ಎಂಜಿನ್‌ಗಳೂ ತಕ್ಕಡಿಯಲ್ಲಿ ತೂಗಿದ ಹಾಗೆ ಸಮಬಲ ಎಂದೇ ಇಟ್ಟುಕೊಳ್ಳಿ. ಆಗ ಗೆಲುವು ಯಾರ ಪಾಲಿಗೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಹನ್ನೊಂದು ಸಲ ಚಿಮ್ಮಿದರೆ ಯಾವುದೋ ಒಂದು ಬದಿ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವ ಸಂಭವ ನೂರಕ್ಕೆ ಐವತ್ತೈದು. ಹಾಗೆ ಬೀಳದಿದ್ದರೇ ಸ್ವಲ್ಪ ಆಶ್ಚರ್ಯಪಡಬೇಕು! ನಂಬಿಕೆ ಬಾರದಿದ್ದರೆ ನಿಮ್ಮ ಹದಿನೈದು ಮಕ್ಕಳ ಕೈಗೂ ಒಂದೊಂದು ರೂಪಾಯಿ ಕೊಟ್ಟು ಹನ್ನೊಂದು ಸಲ ಚಿಮ್ಮಿಸಿ. ಎಂಟು ಮಂದಿಯ ಆಸುಪಾಸು 7–4 ಅಥವಾ ಅದಕ್ಕಿಂತ ವಾಲಿದ ಫಲಿತಾಂಶ ತರುತ್ತಾರೆ. ಯಾರ ನಾಣ್ಯವೂ ಇನ್ನೊಬ್ಬರದಕ್ಕಿಂತ ಜಾಣ ಅಲ್ಲ.

ರೇಟಿಂಗ್ ಭಾಷೆಯಲ್ಲಿ ಹೇಳುವುದಾದರೆ, ಡ್ರಾಕ್ಕೆ ಅರ್ಧ ಪಾಯಿಂಟ್ ಹಿಡಿದು 20ಕ್ಕೆ 11½ ಎಂದರೆ 57.5 ಶೇಕಡಾ, ಅಂದರೆ 52 ಅಂಕದ ಮೇಲುಗೈ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಇಪ್ಪತ್ತೇ ಆಟದ ಆಧಾರದಲ್ಲಿ ಶೇಕಡಾ 95ರ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಎರಡನೆಯ ಎಂಜಿನ್ ಮೊದಲನೆಯದಕ್ಕಿಂತ ಸುಮಾರು 60 ಅಂಕ ಕೆಳಗಿನಿಂದ ಹಿಡಿದು 175 ಅಂಕ ಮೇಲಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಬಸ್ಸು ಎಲ್ಲಿಗೆ ಮುಟ್ಟಿತು ಮಾರಾಯ್ರೆ ಎಂದು ಕೇಳಿದ್ದಕ್ಕೆ "ಕಾಸರಗೋಡು ಕಾರವಾರದ ನಡುವೆ ಎಲ್ಲೋ ಉಂಟು" ಎಂದ ಹಾಗಾಯಿತು. ಸುಳ್ಳಂತೂ ಅಲ್ಲ.

ಆ 52 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡಿರಿ, ಅದು ಇನ್ನೊಮ್ಮೆ ಬರುತ್ತದೆ.

ಈಗ ಪಟ್ಟಿಗೆ ಬರುವ. ಎಲೊ ರೇಟಿಂಗ್ ಎನ್ನುವುದು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೊ ಅವರ ಕೊಡುಗೆ. ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡವು. ಅದರ ಒಳಗುಟ್ಟು ಸರಳ: ಇಬ್ಬರ ಅಂಕಗಳ ವ್ಯತ್ಯಾಸ ಎಷ್ಟೋ ಅದರ ಮೇಲೆ ನಿರೀಕ್ಷಿತ ಫಲಿತಾಂಶ. 100 ಅಂಕ ಹೆಚ್ಚಿದ್ದರೆ ನೂರು ಆಟಕ್ಕೆ 64 ಪಾಯಿಂಟ್, 200 ಹೆಚ್ಚಿದ್ದರೆ 76, 400 ಹೆಚ್ಚಿದ್ದರೆ 91. ನೀವು ತಲೆ ಕೆಡಿಸಿಕೊಂಡಿರುವ 12 ಅಂಕಕ್ಕೆ? ನೂರಕ್ಕೆ 51.7. ಎರಡು ಎಂಜಿನ್ ನೂರು ಆಟ ಆಡಿದರೆ ಒಂದು ಇನ್ನೊಂದಕ್ಕಿಂತ ಮೂರೂವರೆ ಪಾಯಿಂಟ್ ಮುಂದಿರುತ್ತದೆ, ಅಷ್ಟೆ.

ವ್ಯತ್ಯಾಸಕ್ಕೆ ಮಾತ್ರ ಅರ್ಥ, ಅಂಕಕ್ಕೆ ಅಲ್ಲ. ಇದನ್ನು ನೀವು ಚೆಸ್ ಕಲಿಸುವವರಾಗಿ ಕಣ್ಣಾರೆ ಕಂಡಿದ್ದೀರಿ. 2024ರ ಮಾರ್ಚ್ 1ರಂದು ಫಿಡೆ 2000ಕ್ಕಿಂತ ಕೆಳಗಿನ ರೇಟಿಂಗ್‌ಗಳನ್ನೆಲ್ಲ ಒಂದೇ ಏಟಿಗೆ ಏರಿಸಿತು. 2000ಕ್ಕೆ ಎಷ್ಟು ಕಮ್ಮಿಯೋ ಅದರ ಹತ್ತರಲ್ಲಿ ನಾಲ್ಕು ಪಾಲು ಸೇರಿಸಿತು. ಹಿಂದಿನ ರಾತ್ರಿ 1500 ಇದ್ದ ಹುಡುಗ ಬೆಳಿಗ್ಗೆ ಏಳುವಾಗ 1700. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅವನು ಒಂದು ಎಂಡ್‌ಗೇಮ್ ಆದರೂ ಹೊಸದಾಗಿ ಕಲಿತನೇ?

ಎಂಜಿನ್ ಪಟ್ಟಿಗಳ ಕತೆಯೂ ಹಾಗೆಯೇ. ಎಂಬತ್ತರ ದಶಕದಿಂದ ಪಟ್ಟಿ ಮಾಡುತ್ತಿರುವ ಸ್ವೀಡನ್ನಿನ ಎಸ್.ಎಸ್.ಡಿ.ಎಫ್. ತನ್ನ ಅಂಕಗಳನ್ನು ಅಲ್ಲಿನ ಮನುಷ್ಯ ಆಟಗಾರರ ಜೊತೆ ಆಡಿಸಿದ ಆಟಗಳಿಗೆ ಗಂಟು ಹಾಕಿತ್ತು. ಕಂಪ್ಯೂಟರಿನ ಅಂಕ ವಿಪರೀತವಾಗಿ ಕಾಣತೊಡಗಿದಾಗ, 2000ನೇ ಇಸವಿಯಲ್ಲಿ ಇಡೀ ಪಟ್ಟಿಯನ್ನೇ 100 ಅಂಕ ಕೆಳಗಿಳಿಸಿತು. ಯಾವ ಎಂಜಿನ್ ಕೂಡ ದುರ್ಬಲವಾಗಲಿಲ್ಲ. ಈಗ ಪಟ್ಟಿಗಳ ತುದಿಯಲ್ಲಿ 3600ರ ಆಚೀಚೆಯ ಅಂಕ ಕಾಣುತ್ತದೆ, ಮನುಷ್ಯರಲ್ಲಿ ಮ್ಯಾಗ್ನಸ್ ಕಾರ್ಲ್ಸನ್ 2014ರ ಮೇ ತಿಂಗಳಲ್ಲಿ ಮುಟ್ಟಿದ ಅತ್ಯುನ್ನತ ಅಂಕ 2882. ಒಂದರಿಂದ ಇನ್ನೊಂದನ್ನು ಕಳೆಯುವುದು ಗಡಿಯಾರದಿಂದ ಕ್ಯಾಲೆಂಡರನ್ನು ಕಳೆದ ಹಾಗೆ. ಎಂಜಿನ್‌ಗಳು ಎಂಜಿನ್‌ಗಳ ಜೊತೆಗೇ ಆಡುತ್ತವೆ, ಆ ಕೆರೆಯ ಮೀನು ಆ ಕೆರೆಯಲ್ಲೇ ಅಳೆಯಲ್ಪಡುತ್ತದೆ. ಅದೇ ಕಾರಣಕ್ಕೆ ಸಿ.ಸಿ.ಆರ್.ಎಲ್. ಎಂಬ ಎಂಜಿನ್ ಪಟ್ಟಿಯ ಒಂದು ಅಂಕವನ್ನು ಸಿ.ಇ.ಜಿ.ಟಿ. ಎಂಬ ಇನ್ನೊಂದು ಪಟ್ಟಿಯ ಅಂಕದ ಪಕ್ಕ ಇಟ್ಟು ನೋಡುವುದೂ ತಪ್ಪು. ಒಂದೇ ಪಟ್ಟಿಯ ಒಳಗಿನ ವ್ಯತ್ಯಾಸವನ್ನು ಇನ್ನೊಂದು ಪಟ್ಟಿಯ ಒಳಗಿನ ವ್ಯತ್ಯಾಸದ ಜೊತೆ ಹೋಲಿಸಬಹುದು. ನೀವು ಅಷ್ಟು ಮಾತ್ರ ಮಾಡಿದ್ದೀರಿ, ಸರಿಯಾಗಿಯೇ ಮಾಡಿದ್ದೀರಿ.

ಆದರೆ ಅಂಕದ ಪಕ್ಕದಲ್ಲೇ ಪ್ಲಸ್-ಮೈನಸ್ ಎಂದು ಇನ್ನೆರಡು ಕಾಲಂ ಇರುತ್ತವಲ್ಲ, ಅವನ್ನು ನೋಡಿದಿರಾ? ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ನೋಡುವುದಿಲ್ಲ. ನಾನಾದರೆ ಅಂಕಕ್ಕಿಂತ ಮೊದಲು ಅದನ್ನೇ ಓದುತ್ತೇನೆ. ಅರ್ಧದಷ್ಟು ಆಟಗಳು ಡ್ರಾ ಆಗುವ ಸಮಬಲರ ನಡುವೆ 100 ಆಟ ಆಡಿಸಿದರೆ ಆ ಅನಿಶ್ಚಿತತೆ ಸುಮಾರು ±48 ಅಂಕ. 1000 ಆಟಕ್ಕೆ ±15. 10,000 ಆಟಕ್ಕೆ ±5. ಅನಿಶ್ಚಿತತೆ ಅರ್ಧವಾಗಬೇಕಾದರೆ ಆಟ ನಾಲ್ಕು ಪಟ್ಟಾಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಒಂದು ಎಂಜಿನ್‌ಗೆ ±15, ಇನ್ನೊಂದಕ್ಕೂ ±15 ಎಂದಿದ್ದರೆ ಅವೆರಡರ ವ್ಯತ್ಯಾಸದ ಅನಿಶ್ಚಿತತೆ ಇನ್ನೂ ಹೆಚ್ಚು, ಸುಮಾರು ±21. ನಿಮ್ಮ ಎರಡು ಪಟ್ಟಿಗಳು ಒಂದರಲ್ಲಿ +12, ಇನ್ನೊಂದರಲ್ಲಿ −9 ಹೇಳಿದರೆ ಅವು ಜಗಳವಾಡುತ್ತಿಲ್ಲ. ಎರಡೂ ಸೇರಿ "ಇವೆರಡರಲ್ಲಿ ಭೇದ ಮಾಡಲಿಕ್ಕೆ ನಮಗೆ ಆಗುವುದಿಲ್ಲ" ಎಂದು ಒಂದೇ ದನಿಯಲ್ಲಿ ಹೇಳುತ್ತಿವೆ.

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ನಮ್ಮಲ್ಲಿ ನಡೆಯುವುದೂ ಇದೇ ಅಲ್ಲವೇ? 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಹೆಜಮಾಡಿಯ ಟೋಲ್ ದಾಟಿ ಬುದ್ಧಿವಂತಿಕೆ ಆಚೆಗೆ ಹೋಯಿತು ಎಂದು ಯಾರೂ ತಿಳಿಯುವುದಿಲ್ಲ. ಕೂದಲೆಳೆಯ ಅಂತರದಲ್ಲಿ ಇರುವವರ ಕ್ರಮಾಂಕ ವರ್ಷ ವರ್ಷ ಅದಲು ಬದಲಾಗುತ್ತದೆ. ಕ್ರಮಾಂಕದ ಮರೆಯಲ್ಲಿ ಅಂತರ ಕಾಣಿಸುವುದಿಲ್ಲ ಎನ್ನುವುದೇ ಎಲ್ಲ ರ‍್ಯಾಂಕ್ ಪಟ್ಟಿಗಳ ಕಾಯಿಲೆ.

ಇನ್ನೊಂದು ಸೂಕ್ಷ್ಮ. ಆ ±ಗೆ ಕೊಡುವ ಭರವಸೆ ಸಾಮಾನ್ಯವಾಗಿ 95 ಶೇಕಡಾ. 400 ಎಂಜಿನ್ ಇರುವ ಪಟ್ಟಿಯಾದರೆ ಸುಮಾರು 20 ಎಂಜಿನ್‌ಗಳ ನಿಜವಾದ ಬಲ ಆ ಅಂಚಿನ ಹೊರಗೇ ಇರುತ್ತದೆ. ಯಾವ ಇಪ್ಪತ್ತು ಎಂದು ಪಟ್ಟಿ ಹೇಳುವುದಿಲ್ಲ. ತೀರ ಒತ್ತಾಗಿ ನಿಂತಿರುವ ಏಳೆಂಟರಲ್ಲಿ ತಲೆಯ ಮೇಲೆ ನಿಂತದ್ದು ಬಲದ ಜೊತೆಗೆ ಅದೃಷ್ಟವನ್ನೂ ಉಂಡಿರುವ ಸಂಭವ ಹೆಚ್ಚು. ಹೊಸದಾಗಿ ಬಂದು ಇನ್ನೂರು ಆಟ ಆಡಿ ನೇರ ಮೇಲೆ ಕುಳಿತ ಎಂಜಿನ್ ಆಟ ಹೆಚ್ಚಿದ ಹಾಗೆ ನಾಲ್ಕು ಮೆಟ್ಟಿಲು ಇಳಿಯುವುದು ಇದೇ ಕಾರಣಕ್ಕೆ. ಅದರಲ್ಲಿ ಮೋಸ ಇಲ್ಲ.

ದೊಡ್ಡ ಸ್ಪರ್ಧೆಗಳೂ ಇದಕ್ಕೆ ಹೊರತಲ್ಲ. ಟಿ.ಸಿ.ಇ.ಸಿ. ಎಂಬ ಎಂಜಿನ್ ಸ್ಪರ್ಧೆಯ 14ನೇ ಆವೃತ್ತಿಯ ಅಂತಿಮದಲ್ಲಿ ಸ್ಟಾಕ್‌ಫಿಶ್ ಲೀಲಾ ಚೆಸ್ ಝೀರೋ ಎಂಬ ಇನ್ನೊಂದು ಎಂಜಿನ್ನನ್ನು 50½–49½ರಿಂದ ಸೋಲಿಸಿತು. 10 ಗೆಲುವು, 9 ಸೋಲು, 81 ಡ್ರಾ. 15ನೇ ಆವೃತ್ತಿಯಲ್ಲಿ ಲೀಲಾ 53½–46½, ಅಂದರೆ 14 ಗೆಲುವು, 7 ಸೋಲು, 79 ಡ್ರಾ. ಪಂದ್ಯ ಪಂದ್ಯವೇ, ಟ್ರೋಫಿ ಗೆದ್ದವರದ್ದೇ. ಆದರೆ "ಯಾವುದು ಬಲಶಾಲಿ" ಎಂಬ ಪ್ರಶ್ನೆಗೆ ಇದು ಉತ್ತರವೇ ಎಂದು ಕೇಳಿದರೆ, ಎರಡೂ ಫಲಿತಾಂಶಗಳು ±30 ಅಂಕದ ಮಂಜಿನ ಒಳಗೇ ಉಂಟು. ಎರಡನೆಯ ಪಂದ್ಯದ 24 ಅಂಕದ ಮೇಲುಗೈ ಕೂಡ.

ಸ್ಟಾಕ್‌ಫಿಶ್ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. 2013ರಿಂದ ಅವರು ಫಿಶ್‌ಟೆಸ್ಟ್ ಎಂಬ ವ್ಯವಸ್ಥೆಯಲ್ಲಿ ಸ್ವಯಂಸೇವಕರ ಕಂಪ್ಯೂಟರುಗಳನ್ನು ಜೋಡಿಸಿ, ಒಂದೆರಡು ಅಂಕದ ಸುಧಾರಣೆಯನ್ನು ಒಪ್ಪಲಿಕ್ಕೂ ಹತ್ತಾರು ಸಾವಿರ ಆಟ ಆಡಿಸುತ್ತಾರೆ. ಅವರಿಗೆ ಹತ್ತಾರು ಸಾವಿರ ಬೇಕಾದಲ್ಲಿ ನಮಗೆ ಇಪ್ಪತ್ತು ಸಾಕಾಗುವುದು ಹೇಗೆ?

ಇಷ್ಟು ಹೇಳಿದ್ದು ಆಟಗಳ ಸಂಖ್ಯೆಯ ಬಗ್ಗೆ. ನಾನು ಮೂವತ್ತು ವರ್ಷ ಮಂಗಳೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು, ಈ ಭಾಗ ನನಗೆ ಸಲೀಸು. ಆದರೆ ಪಟ್ಟಿ ನಂಬುವವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ ಅಲ್ಲ. ಲಕ್ಷ ಆಟ ಆಡಿಸಿದರೂ ಪ್ಲಸ್-ಮೈನಸ್ ಕಾಲಂಗೆ ಬಾರದ ಸಂಗತಿಗಳಿವೆ, ಅವು ನನಗೆ ಹೆಚ್ಚು ಮುಖ್ಯ. ಅದಕ್ಕೆ ನಮ್ಮೂರಿನದೇ ಒಂದು ಸಂಗತಿ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದರು: 100 ಮೀಟರಿಗೆ 9.55 ಸೆಕೆಂಡು. ಉಸೇನ್ ಬೋಲ್ಟರ ವಿಶ್ವದಾಖಲೆ 9.58. ಮುಗಿಯಿತು, ಇಡೀ ದೇಶ ಕುಣಿಯಿತು. ಕಂಬಳ ನೋಡಿ ಬೆಳೆದ ನಮಗೆ ಗೊತ್ತು, ಓಟಗಾರನ ಮುಂದೆ ಎರಡು ಕೋಣಗಳಿವೆ, ಅವುಗಳ ಎಳೆತ ಉಂಟು, ಕಾಲಡಿಯಲ್ಲಿ ಕೆಸರು ನೀರು ಉಂಟು, ಒಂದೊಂದು ಊರಿನ ಕರೆ ಒಂದೊಂದು ಉದ್ದ. ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಕೆಲವು ಮೀಟರುಗಳ ನಷ್ಟ 142 ಮೀಟರಿನ ಮೇಲೆ ಹಂಚಿಹೋಗುತ್ತದೆ, ಭಾಗಾಕಾರಕ್ಕೆ ಅದು ಕಾಣುವುದಿಲ್ಲ. ಟ್ರ್ಯಾಕ್ ಓಟದ ಟ್ರಯಲ್ಸ್‌ಗೆ ಕರೆ ಬಂದಾಗ ಗೌಡರು ಅದು ಬೇರೆ, ಕಂಬಳ ಬೇರೆ ಎಂದು ಕಂಬಳಕ್ಕೇ ಉಳಿದರು. ಆ ಎಲ್ಲ ಗದ್ದಲದಲ್ಲಿ ಅಳತೆಯ ವಿಷಯದಲ್ಲಿ ಸರಿಯಾಗಿ ಯೋಚಿಸಿದವರು ಅವರೊಬ್ಬರೇ ಎಂದು ನನಗೆ ಆಗಲೇ ಅನಿಸಿತ್ತು.

13.62 ಎಂಬುದರಲ್ಲಿ ತಪ್ಪಿಲ್ಲ. ಆ ಕರೆಯಲ್ಲಿ, ಆ ದಿನ, ಆ ಕೋಣಗಳ ಜೊತೆ, ಅದು ನಿಜ. 9.55 ಎಂಬುದು ನಾವು ಕಟ್ಟಿಕೊಂಡದ್ದು. ಚೆಸ್ ಪಟ್ಟಿ ಕೊಡುವುದು 13.62 ಮಾದರಿಯ ಸಂಖ್ಯೆಯನ್ನು. ನಾವು ಅದನ್ನು ಓದುವುದು 9.55ರ ಹಾಗೆ.

ಚೆಸ್‌ನಲ್ಲಿ ಇದಕ್ಕೆ ಸಾಕ್ಷಿ ಬೇಕಾದರೆ ಆಲ್ಫಾಝೀರೋ ಎಂಬ ಎಂಜಿನ್ ಉಂಟು. 2017ರ ಡಿಸೆಂಬರಿನಲ್ಲಿ ಅದನ್ನು ಕಟ್ಟಿದ ಡೀಪ್‌ಮೈಂಡ್ ಕಂಪನಿಯವರು ಪ್ರಕಟಿಸಿದ ಮೊದಲ ವರದಿಯಲ್ಲಿ ಅದು ಸ್ಟಾಕ್‌ಫಿಶ್ 8ರ ವಿರುದ್ಧ 100 ಆಟದಲ್ಲಿ 28 ಗೆದ್ದು 72 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲ. 64 ಶೇಕಡಾ, ಅಂದರೆ 100 ಅಂಕದ ಮೇಲುಗೈ. ಆಟ ನೂರೇ ಆದರೂ 28–0 ಎಂಬುದು ನಾಣ್ಯದ ಆಟ ಅಲ್ಲ, ಅದೃಷ್ಟದ ಮಾತು ಇಲ್ಲಿ ನಡೆಯುವುದಿಲ್ಲ. ಆದರೆ ತಿಳಿದವರು ಆಕ್ಷೇಪ ಎತ್ತಿದ್ದು ಬೇರೆ ಕಡೆ. ಸ್ಟಾಕ್‌ಫಿಶ್‌ಗೆ 64 ಥ್ರೆಡ್ (ಒಟ್ಟಿಗೇ ನಡೆಯುವ ಲೆಕ್ಕದ ಎಳೆಗಳು) ಕೊಟ್ಟು, ನೋಡಿದ ಸ್ಥಾನಗಳನ್ನು ನೆನಪಿಡುವ ಹ್ಯಾಶ್ ಮೆಮೊರಿ ಬರೇ 1 ಜಿಬಿ ಕೊಟ್ಟಿದ್ದರು. ಆಟದ ಆರಂಭದ ನಡೆಗಳ ಸಂಗ್ರಹವಾದ ಓಪನಿಂಗ್ ಪುಸ್ತಕ ಇರಲಿಲ್ಲ. ಪ್ರತಿ ನಡೆಗೂ ಸರಿಯಾಗಿ ಒಂದು ನಿಮಿಷ, ಹಾಗಾಗಿ ಕಷ್ಟದ ಜಾಗದಲ್ಲಿ ಹೆಚ್ಚು ಯೋಚಿಸುವ ಅದರ ಜಾಣ್ಮೆ ವ್ಯರ್ಥ. ಮರುವರ್ಷ ಡಿಸೆಂಬರಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಷರತ್ತುಗಳನ್ನು ಸರಿಪಡಿಸಿದರು: 44 ಕೋರ್, 32 ಜಿಬಿ ಹ್ಯಾಶ್, ಮೂರು ಗಂಟೆ ಮತ್ತು ನಡೆಗೆ 15 ಸೆಕೆಂಡು. 1000 ಆಟದಲ್ಲಿ ಆಲ್ಫಾಝೀರೋ 155 ಗೆದ್ದು, 6 ಸೋತು, 839 ಡ್ರಾ ಮಾಡಿತು. ಲೆಕ್ಕ ಹಾಕಿ: 57.45 ಶೇಕಡಾ, 52 ಅಂಕ!

ನಿಮ್ಮದೂ 52. ಅದೂ 52. ನಿಮ್ಮದರ ಹಿಂದೆ 60 ಕೆಳಗಿನಿಂದ 175 ಮೇಲಿನವರೆಗಿನ ಮಸುಕು ಉಂಟು, ಅದರ ಹಿಂದೆ ಬರೇ ±8. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗುವುದಿಲ್ಲ. ಇನ್ನೊಂದನ್ನೂ ಗಮನಿಸಿ: ಹೆಚ್ಚುಕಮ್ಮಿ ಅದೇ ಇಬ್ಬರು ಎದುರಾಳಿಗಳು, ಷರತ್ತು ಬದಲಾದದ್ದೇ ತಡ ಅಂತರ 100ರಿಂದ 52ಕ್ಕೆ ಇಳಿಯಿತು. ನೀವು ಕೇಳುತ್ತಿರುವುದು 12ರ ಬಗ್ಗೆ.

ಯಾವ ಯಾವ ಷರತ್ತು ಎಂದು ಕೇಳಿದರೆ ಮೊದಲು ಬರುವುದು ಸಮಯ. ಸಿ.ಸಿ.ಆರ್.ಎಲ್. ಬೇರೆ ಬೇರೆ ಸಮಯದ ಮಿತಿಗೆ ಬೇರೆ ಬೇರೆ ಪಟ್ಟಿ ಇಡುತ್ತದೆ, ಅದು ಸರಿಯಾದ ಕ್ರಮ. ಬ್ಲಿಟ್ಜ್‌ನಲ್ಲಿ, ಅಂದರೆ ಕೆಲವೇ ನಿಮಿಷದ ಆಟದಲ್ಲಿ, ಎಂಜಿನ್‌ಗಳ ನಡುವಿನ ಅಂತರ ಅಗಲ, ಯೋಚಿಸುವ ಸಮಯ ಹೆಚ್ಚಿದ ಹಾಗೆ ಡ್ರಾ ಹೆಚ್ಚಿ ಅಂತರ ಕುಗ್ಗುತ್ತದೆ. ಕೆಲವು ಎಂಜಿನ್ ಬ್ಲಿಟ್ಜ್‌ನಲ್ಲಿ ಚುರುಕು, ಕೆಲವು ದೀರ್ಘ ಆಟದಲ್ಲಿ ಗಟ್ಟಿ. ಪಟ್ಟಿಗಾಗಿ ಆಟ ಆಡಿಸುವ ಸ್ವಯಂಸೇವಕರ ಕಂಪ್ಯೂಟರುಗಳು ಒಂದೇ ತರ ಇರುವುದಿಲ್ಲವಾದ್ದರಿಂದ ಅವರು ಒಂದು ಮಾದರಿ ಪ್ರೊಸೆಸರಿಗೆ ಸಮನಾಗುವಂತೆ ಸಮಯವನ್ನು ಹೊಂದಿಸಿಕೊಳ್ಳುತ್ತಾರೆ. ಆದರೆ ಲೀಲಾದಂಥ ಎಂಜಿನ್ ನಡೆಯುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ, ಸ್ಟಾಕ್‌ಫಿಶ್ ನಡೆಯುವುದು ಮಾಮೂಲಿ ಪ್ರೊಸೆಸರಿನ ಮೇಲೆ. ಇಷ್ಟು ಕಾರ್ಡಿಗೆ ಇಷ್ಟು ಕೋರ್ ಸಮ ಎನ್ನುವುದಕ್ಕೆ ಎಲ್ಲರೂ ಒಪ್ಪುವ ಅಳತೆಗೋಲು ಇಲ್ಲ. ಕಾರ್ಡು ಬದಲಾಯಿಸಿದರೆ ಪಟ್ಟಿಯ ತಲೆ ಬದಲಾಗುತ್ತದೆ.

ಎರಡನೆಯದು ಓಪನಿಂಗ್. ಇದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಇಂದಿನ ಮೇಲ್ಮಟ್ಟದ ಎಂಜಿನ್‌ಗಳಿಗೆ ಸಾಧಾರಣ ಓಪನಿಂಗ್ ಕೊಟ್ಟು ಸಮಯವನ್ನೂ ಧಾರಾಳವಾಗಿ ಕೊಟ್ಟರೆ ಆಟಗಳೆಲ್ಲ ಡ್ರಾ, ಡ್ರಾ, ಡ್ರಾ. ಅಂತರವೇ ಕಾಣುವುದಿಲ್ಲ. ಅದಕ್ಕೆ ಪರೀಕ್ಷಕರು ಬೇಕೆಂದೇ ಒಂದು ಬದಿಗೆ ವಾಲಿದ ಸ್ಥಾನಗಳಿಂದ ಆಟ ಶುರು ಮಾಡಿಸುತ್ತಾರೆ. ಅದೇ ಸ್ಥಾನವನ್ನು ಬಣ್ಣ ಅದಲು ಬದಲು ಮಾಡಿ ಎರಡು ಸಲ ಆಡಿಸುತ್ತಾರೆ, ಹಾಗಾಗಿ ಅನ್ಯಾಯ ಇಲ್ಲ. ಈಗ ಡ್ರಾ ಕಮ್ಮಿಯಾಗಿ ಅಂತರ ಹಿಗ್ಗುತ್ತದೆ. ಒಂದು ಪಟ್ಟಿಯಲ್ಲಿ 10 ಅಂಕವಾಗಿದ್ದ ಅಂತರ ಇಂಥ ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣಬಹುದು. ಎಂಜಿನ್ ಅದೇ, ಬಲ ಅದೇ, ಭೂತಗನ್ನಡಿ ಮಾತ್ರ ಬೇರೆ.

ಎದುರಾಳಿಗಳ ಬಳಗವೂ ಮುಖ್ಯ. ಸ್ಟಾಕ್‌ಫಿಶ್‌ನ ಹಿಂದಿನ ಕೆಲವು ಆವೃತ್ತಿಗಳಲ್ಲಿ ಕಂಟೆಂಪ್ಟ್ ಎಂಬ ಸೆಟ್ಟಿಂಗ್ ಇತ್ತು. ಎದುರಾಳಿ ತನಗಿಂತ ಬಡವ ಎಂದುಕೊಂಡು ಡ್ರಾ ತಪ್ಪಿಸಿ ಆಡುವ ಗುಣ ಅದು. ದುರ್ಬಲರು ತುಂಬಿದ ಬಳಗದಲ್ಲಿ ಅದರಿಂದ ಅಂಕ ಏರುತ್ತದೆ, ಸಮಬಲರ ನಡುವೆ ಅದೇ ಗುಣ ಕುತ್ತು. ತನ್ನದೇ ಹಳೆಯ ಆವೃತ್ತಿಯ ಜೊತೆ ಆಡಿದಾಗ ಕಾಣುವ 50 ಅಂಕದ ಸುಧಾರಣೆ ಬೇರೆಯವರ ಜೊತೆ ಆಡುವಾಗ ಸಾಮಾನ್ಯವಾಗಿ ಅಷ್ಟು ಉಳಿಯುವುದಿಲ್ಲ. ಮತ್ತೆ, ಬೇಯ್ಸ್‌ಎಲೊ ಮತ್ತು ಆರ್ಡೊ ಎಂಬ ಎರಡು ಲೆಕ್ಕದ ಪ್ರೋಗ್ರಾಮುಗಳಿಗೆ ಅವೇ ಆಟಗಳನ್ನು ಕೊಟ್ಟರೂ ಪಟ್ಟಿಯ ಹರವು ಬೇರೆ ಬೇರೆಯಾಗಿ ಬರುತ್ತದೆ. ಅದರ ಒಳಹೊಕ್ಕು ನೋಡುವುದು ನಿಮಗೆ ಬೇಡ.

ಹಾಗಾದರೆ ಪಟ್ಟಿ ಪ್ರಯೋಜನವಿಲ್ಲವೇ? ಹಾಗೆ ಹೇಳಿದರೆ ನಾನು ಕೃತಘ್ನನಾಗುತ್ತೇನೆ. ಯಾರಿಂದಲೂ ಕಾಸು ತೆಗೆದುಕೊಳ್ಳದೆ, ಮನೆಯ ಕರೆಂಟು ಸುಟ್ಟು, ವರ್ಷಗಟ್ಟಲೆ ಲಕ್ಷಾಂತರ ಆಟ ಆಡಿಸಿ, ಷರತ್ತುಗಳನ್ನು ಬಹಿರಂಗವಾಗಿ ಬರೆದಿಟ್ಟು ಕೊಡುವ ಇವರ ಕೆಲಸ ಎಂಜಿನ್ ಮಾರುವವರ ಜಾಹೀರಾತಿಗಿಂತ ನೂರು ಪಾಲು ನಂಬಿಕೆಗೆ ಅರ್ಹ. 100 ಅಂಕದ ಅಂತರವನ್ನು ಎಲ್ಲ ಪಟ್ಟಿಗಳೂ ಹೇಳಿದರೆ ಕಣ್ಣು ಮುಚ್ಚಿ ನಂಬಿ. 50 ಎಂದರೆ ಷರತ್ತು ಓದಿ ನಂಬಿ. 20ಕ್ಕಿಂತ ಕಮ್ಮಿಯಾದರೆ, ನಿಮ್ಮ ಕೆಲಸಕ್ಕೆ, ಎರಡೂ ಒಂದೇ.

ನಿಮ್ಮ ಲ್ಯಾಪ್‌ಟಾಪ್ ಪರೀಕ್ಷೆಯ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು, ಏಕೆಂದರೆ ಇದರಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಏಪ್ರಿಲ್‌ನಲ್ಲಿ ಎರಡು ಎಂಜಿನ್‌ಗಳನ್ನು ಮೂರನೆಯದೊಂದರ ವಿರುದ್ಧ ಆಡಿಸಿದೆ. ಮೊದಲನೆಯದನ್ನು ರಾತ್ರಿ ಫ್ಯಾನಿನಡಿ ಇಟ್ಟು, ಎರಡನೆಯದನ್ನು ಮರುದಿನ ಮಧ್ಯಾಹ್ನ. ಎರಡನೆಯದು ಹೀನಾಯವಾಗಿ ಸೋತಿತು. ಅದರ ದೌರ್ಬಲ್ಯದ ಬಗ್ಗೆ ಎರಡು ಪುಟ ಟಿಪ್ಪಣಿಯನ್ನೂ ಬರೆದಿಟ್ಟೆ! ಆಮೇಲೆ ನೋಡಿದರೆ, ಮಂಗಳೂರಿನ ಮಧ್ಯಾಹ್ನದ ಸೆಕೆಗೆ ಲ್ಯಾಪ್‌ಟಾಪ್ ಕಾದು, ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಂಡಿತ್ತು. ಎದುರಾಳಿಗೂ ಅದೇ ಸೆಕೆ ಇತ್ತಲ್ಲ ಎನ್ನಬಹುದು. ಹೌದು, ಆದರೆ ಸಮಯ ಕಮ್ಮಿಯಾದಾಗ ಕೆಲವು ಎಂಜಿನ್ ಹೆಚ್ಚು ಸೊರಗುತ್ತವೆ. ನಾನು ಅಳೆದದ್ದು ಎಂಜಿನ್ನಿನ ಬಲವೋ, ಪಶ್ಚಿಮದ ಕಿಟಕಿಯ ಬಿಸಿಲೋ, ಈಗಲೂ ಬೇರ್ಪಡಿಸಲಾರೆ.

ನೀವು ಮೊದಲು ನೋಡಬೇಕಾದದ್ದು ಥ್ರೆಡ್ ಮತ್ತು ಹ್ಯಾಶ್. ಸ್ಟಾಕ್‌ಫಿಶ್ ತಾನಾಗಿ ತೆಗೆದುಕೊಳ್ಳುವುದು ಒಂದು ಥ್ರೆಡ್, 16 ಎಂಬಿ ಹ್ಯಾಶ್. ಇನ್ನೊಂದು ಎಂಜಿನ್ ಸಿಕ್ಕಿದ ಕೋರ್‌ಗಳನ್ನೆಲ್ಲ ಬಾಚಿಕೊಳ್ಳಬಹುದು. ಹಾಗೆ ಬಿಟ್ಟರೆ ಒಬ್ಬನಿಗೆ ಒಂದು ಕೋಣ, ಇನ್ನೊಬ್ಬನಿಗೆ ಎಂಟು. ಎದುರಾಳಿ ಯೋಚಿಸುವಾಗ ತಾನೂ ಯೋಚಿಸುವ ಪಾಂಡರ್ ಸೆಟ್ಟಿಂಗನ್ನು ಎರಡಕ್ಕೂ ಬಂದ್ ಮಾಡಿ, ಇಲ್ಲವಾದರೆ ಒಂದೇ ಯಂತ್ರದಲ್ಲಿ ಎರಡೂ ಕಿತ್ತಾಡುತ್ತವೆ. ನ್ಯೂರಲ್ ಜಾಲ (ಆಟಗಳಿಂದ ಕಲಿತ ಲೆಕ್ಕದ ಜಾಲ) ಬಳಸುವ ಈಗಿನ ಎಂಜಿನ್‌ಗಳಲ್ಲಿ ನಿಮ್ಮ ಪ್ರೊಸೆಸರಿಗೆ ಹೊಂದುವ ಫೈಲನ್ನೇ ಇಳಿಸಿಕೊಂಡಿದ್ದೀರಾ ಎಂದೂ ನೋಡಿ. ಹಳೆಯ ಪ್ರೊಸೆಸರಿಗೆಂದು ಇಟ್ಟ ಫೈಲು ಹೊಸ ಯಂತ್ರದಲ್ಲೂ ನಡೆಯುತ್ತದೆ, ಆದರೆ ಕುಂಟುತ್ತಾ. ಓಪನಿಂಗ್ ಪುಸ್ತಕ ಇಲ್ಲದೆ ಮೊದಲ ನಡೆಯಿಂದಲೇ ಆಡಿಸಿದ್ದರೆ ನಿಮ್ಮ ಇಪ್ಪತ್ತರಲ್ಲಿ ಎಷ್ಟು ಆಟ ಒಂದನ್ನೊಂದು ಹೋಲುತ್ತವೆ ಎಂದು ತೆರೆದು ನೋಡಿ. ಒಂದೇ ಆಟ ನಾಲ್ಕು ಸಲ ಬಂದಿದ್ದರೆ ಅದು ನಾಲ್ಕು ಸಾಕ್ಷಿ ಅಲ್ಲ.

ಹಣದ ಮಾತು. ನೇರವಾಗಿ ಹೇಳುತ್ತೇನೆ, ನಿಮಗೆ ಬೇಕಾದ ಕೆಲಸಕ್ಕೆ ಕೊಳ್ಳುವುದು ಬೇಡ. ಸ್ಟಾಕ್‌ಫಿಶ್ 2020ರ 12ನೇ ಆವೃತ್ತಿಯಿಂದ ಸ್ಥಾನ ಅಳೆಯಲಿಕ್ಕೆ ನ್ಯೂರಲ್ ಜಾಲ ಬಳಸುತ್ತಿದೆ. ನಿಮ್ಮಲ್ಲಿರುವುದು ಅದಕ್ಕಿಂತ ಹಳೆಯದಾದರೆ ಹೊಸದನ್ನು ಇಳಿಸಿಕೊಳ್ಳಿ, ಅದು ಇಂದಿಗೂ ಪುಕ್ಕಟೆ, ಎಲ್ಲ ಪಟ್ಟಿಗಳ ತುದಿಯ ಆಸುಪಾಸಿನಲ್ಲೇ ಇರುವುದೂ ಅದೇ. ಹಣ ಕೊಟ್ಟು ಕೊಂಡದ್ದರ ಒಳಗೆ ಏನಿದೆ ಎಂಬುದನ್ನೂ ನೋಡಬೇಕು. 2021ರಲ್ಲಿ ಮಾರಾಟಕ್ಕೆ ಬಂದ ಫ್ಯಾಟ್ ಫ್ರಿಟ್ಜ್ 2 ಸ್ಟಾಕ್‌ಫಿಶ್‌ನ ಕೋಡಿನ ಮೇಲೆಯೇ ಬೇರೆ ಜಾಲ ಕೂರಿಸಿದ್ದಾಗಿತ್ತು. ಆ ವಿಷಯ ಜರ್ಮನಿಯ ಕೋರ್ಟಿಗೆ ಹೋಗಿ 2022ರಲ್ಲಿ ರಾಜಿಯಾಯಿತು. ಕೊಳ್ಳುವುದಾದರೆ ಇಂಟರ್‌ಫೇಸಿಗೆ, ಡೇಟಾಬೇಸಿಗೆ, ಮಕ್ಕಳಿಗೆ ತೋರಿಸಲಿಕ್ಕೆ ಅನುಕೂಲವಾದ ಬೋರ್ಡಿಗೆ ಕೊಡಿ, ಅದರಲ್ಲಿ ಅರ್ಥ ಉಂಟು.

ನಿಮ್ಮ ಕ್ಲಾಸಿನ ಮಕ್ಕಳು 1400, 1500ರವರು. 3600ರ ಎಂಜಿನ್ ಆಗಲಿ 3588ರ ಎಂಜಿನ್ ಆಗಲಿ ಅವರ ಆಟದಲ್ಲಿ ಹಿಡಿಯುವ ತಪ್ಪುಗಳು ಅವೇ. 18ನೇ ನಡೆಯಲ್ಲಿ ಕುದುರೆ ಕೈಬಿಟ್ಟದ್ದನ್ನು ಕಾಣಲಿಕ್ಕೆ ಇಬ್ಬರಿಗೂ ಅರೆಕ್ಷಣ ಸಾಕು. ಅವರಿಗೆ ಪ್ರಯೋಜನಕ್ಕೆ ಬರುವ ಎಂಜಿನ್ ಯಾವುದು ಎಂದು ನನ್ನನ್ನು ಕೇಳಿದರೆ ನಾನು ಮಾಯಾ ಎನ್ನುತ್ತೇನೆ. ಮನುಷ್ಯರು ಆಡಿದ ಕೋಟ್ಯಂತರ ಆಟಗಳಿಂದ ಕಲಿಸಿ, 1100ರಿಂದ 1900ರವರೆಗಿನ ಒಂದೊಂದು ಮಟ್ಟದ ಆಟಗಾರ ಇಲ್ಲಿ ಯಾವ ನಡೆ ಇಡುತ್ತಾನೆ ಎಂದು ಊಹಿಸಲಿಕ್ಕೆಂದೇ 2020ರಲ್ಲಿ ಹೊರತಂದದ್ದು. ತಪ್ಪನ್ನೂ ಮನುಷ್ಯರ ಹಾಗೆಯೇ ಮಾಡುತ್ತದೆ. ರೇಟಿಂಗ್ ಪಟ್ಟಿಯಲ್ಲಿ ಹಾಕಿದರೆ ಪಾತಾಳದಲ್ಲಿ ಸಿಗುತ್ತದೆ. ಆದರೆ ಉಡುಪಿಯ ಹನ್ನೊಂದು ವರ್ಷದ ಹುಡುಗಿಗೆ "ನಿನ್ನ ಎದುರಾಳಿ ಇಲ್ಲಿ ಎಂತ ಆಡಿಯಾಳು" ಎಂದು ತೋರಿಸಲಿಕ್ಕೆ ಪಟ್ಟಿಯ ತಲೆಯ ಮೇಲೆ ಕುಳಿತ ಯಾವ ದೈತ್ಯನಿಂದಲೂ ಆಗದು.

ಇಷ್ಟಾದ ಮೇಲೂ ನಿಮಗೆ ಆ ಎರಡನ್ನು ಆಡಿಸಿ ನೋಡುವ ಚಪಲ ಇದ್ದರೆ, ಇರುತ್ತದೆ, ನನಗೂ ಇನ್ನೂ ಹೋಗಿಲ್ಲ, ಹೀಗೆ ಮಾಡಿ. ಬೇರೆ ಬೇರೆ ಓಪನಿಂಗ್‌ನ ಇನ್ನೂರು ಸ್ಥಾನ ಆರಿಸಿ, ಪ್ರತಿಯೊಂದನ್ನೂ ಬಣ್ಣ ಬದಲಾಯಿಸಿ ಎರಡು ಸಲ ಆಡಿಸಿ, ಒಟ್ಟು ನಾನೂರು ಆಟ. ಎರಡಕ್ಕೂ ಒಂದೇ ಥ್ರೆಡ್, ಒಂದೇ ಹ್ಯಾಶ್, ಪಾಂಡರ್ ಬಂದ್, ವೈಫೈ ಬಂದ್. ಮಳೆ ಶುರುವಾದ ಮೇಲೆ, ರಾತ್ರಿ ಊಟ ಮುಗಿಸಿ ಹಚ್ಚಿಬಿಟ್ಟು ಮಲಗಿ, ಚಾರ್ಜರ್ ಪ್ಲಗ್ಗಿನಲ್ಲೇ ಇರಲಿ. ಕರೆಂಟು ಹೋಗಿ ಬ್ಯಾಟರಿಯಲ್ಲಿ ನಡೆದ ಆಟಗಳನ್ನು ಲೆಕ್ಕದಿಂದ ತೆಗೆಯಿರಿ. ಆಗಲೂ ±24ರ ಹತ್ತಿರವೇ ನಿಲ್ಲುತ್ತೀರಿ. ಫಲಿತಾಂಶವನ್ನು ನನಗೆ ಬರೆಯುವಾಗ ರೇಟಿಂಗ್ ಅಂಕ ಬರೆಯಬೇಡಿ, ಗೆಲುವು, ಸೋಲು, ಡ್ರಾ ಮೂರೂ ಬೇರೆ ಬೇರೆಯಾಗಿ ಬರೆಯಿರಿ.